ನಮ್ಮ ಭಾವನವರು ತಿಂದ ಕ್ಯಾಮೆರಾ

ನಮ್ಮ ಭಾವನವರು ಒಂದು ಕ್ಯಾಮೆರಾ ತಿಂದಿದ್ದಾರೆ. ನಗಬೇಡಿ! ಸುಳ್ಳು ಹೇಳಿ ನನಗೇನಾಗಬೇಕಿದೆ? ಆ ಕ್ಯಾಮೆರಾವನ್ನು ನಾದಿ, ಬಡಿದು, ಹಂಚಿನ ಮೇಲೆ ಬೇಯಿಸಿ, ನಾಲ್ಕೂ ಅಂಚು ಕತ್ತರಿಸಿ ಕೊಟ್ಟವಳು ನಾನೇ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. "ಹ್ಞಾಂ, ಇಷ್ಟ ಅಗಲ ಬೇಕು" ಎಂದರು. ಆಮೇಲೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದುಬಿಟ್ಟರು.

"ಏನ್ರೀ, ಗುಂಡನ ರೊಟ್ಟಿ ನಿಮ್ಮ ಹೊಟ್ಟ್ಯಾಗ ಇಳಿಯಂಗಿಲ್ಲೇನು?" ಎಂದು ಅಕ್ಕ ಕೇಳಿದಳು.

"ಫಿಲಂ ಚೌಕ ಇರ್ತೈತಿ" ಎಂದರು ಭಾವನವರು, ಬಾಯಿತುಂಬ ಫಿಲಂ ತುಂಬಿಕೊಂಡು.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಅಕ್ಕ ಎಂದರೆ ಅವರ ಹೆಂಡತಿ, ನನ್ನ ನೆಗೆಣ್ಣಿ. ನಮ್ಮದು ಆದವಾನಿಯಲ್ಲಿ ಹತ್ತಿಯ ವ್ಯಾಪಾರ. ಭಾವನವರ ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ, ಮೀಸೆಯ ತುದಿಯಲ್ಲಿ ಸದಾ ಒಂದೆಳೆ ಹತ್ತಿ. ತೂಕದ ವಿಷಯದಲ್ಲಿ ಅವರಿಗೆ ಟೋಪಿ ಹಾಕುವ ಗಂಡಸು ಆ ಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮಾಲು ತೂಗಿದ ಮೇಲೆ ಗೋಣಿಯ ತೂಕ ಕಳೆಯಬೇಕಲ್ಲ, ಪೇಟೆಯ ಮಾತಿನಲ್ಲಿ ಅದಕ್ಕೆ ಬಾರದಾನ ಎನ್ನುತ್ತಾರೆ. ಭಾವನವರು ಬಾರದಾನ ಕಳೆಯದೆ ಮನೆಗೆ ಒಂದು ಅಚ್ಚು ಬೆಲ್ಲವನ್ನೂ ತಂದವರಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆಗೆಲ್ಲ ಕಿರಿ ಸೊಸೆಯಾದವಳು ಭಾವನ ಎದುರಿಗೆ ನಿಂತು ಮಾತಾಡುವಂತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅವರು ನನ್ನಿಂದ ಮೂರು ಮಾರು ದೂರದಲ್ಲಿ ಮಣೆಯ ಮೇಲೆ ಕೂತಿರುತ್ತಿದ್ದರು. ನಡುವೆ ಅಕ್ಕ. "ಅಕ್ಕಾ, ಭಾವನೋರಿಗೆ ಇನ್ನೊಂದು ರೊಟ್ಟಿ ಹಾಕಲೇನಂತ ಕೇಳು" ಎಂದು ನಾನು. "ಬ್ಯಾಡಂತ ಹೇಳು" ಎಂದು ಅವರು. ಇಬ್ಬರ ಮಾತೂ ಇಬ್ಬರಿಗೂ ಸ್ವಚ್ಛವಾಗಿ ಕೇಳುತ್ತಿತ್ತು. ಆದರೂ ಅಕ್ಕ ಎರಡನ್ನೂ ಮತ್ತೊಮ್ಮೆ ಹೇಳಬೇಕು! ನಮ್ಮ ಮನೆಯಲ್ಲಿ ಅಂಚೆ ಕಚೇರಿಗಿಂತ ಹೆಚ್ಚು ಕೆಲಸ ಅಕ್ಕನಿಗಿತ್ತು.

ಅಕ್ಕ ಆಸ್ಪರಿ ಕಡೆಯವಳು. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಅವಳ ಎಡಗಾಲನ್ನು ಸಣ್ಣಗೆ ಮಾಡಿ ಹೋಗಿತ್ತು. ನಡೆದರೆ ಒಂದು ಕಡೆ ವಾಲುತ್ತಿದ್ದಳು. ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲೇ ಹೋಗಿ ಜಮಖಾನದ ಮೇಲೆ ಕೂತುಬಿಡುವಳು. ಅವರು ಹೊರಟು ಗಲ್ಲಿಯ ತಿರುವು ದಾಟುವವರೆಗೆ ಏಳುತ್ತಿರಲಿಲ್ಲ. ತಿಂಗಳುಗಟ್ಟಲೆ ಬಂದುಹೋಗುತ್ತಿದ್ದ ನೆಂಟರಿಗೂ ಅವಳ ಕಾಲಿನ ವಿಷಯ ತಿಳಿದಿರಲಿಲ್ಲ. ಅಂಥವಳು ಊರ ಪಕ್ಕದ ಕೋಟೆಯ ಬೆಟ್ಟ ಹತ್ತುವುದುಂಟೇ? ಭಾವನವರಿಗೋ ಪ್ರತಿ ಸೋಮವಾರ ಬೆಟ್ಟ ಹತ್ತದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅವರು ಹತ್ತುವಾಗ ಅಕ್ಕ ಮಾಳಿಗೆಯ ಮೇಲೆ ಕೂತು, ಬಂಡೆಗಳ ನಡುವೆ ಇರುವೆಯಂತೆ ಏರುವ ಆ ಬಿಳಿ ಧೋತರವನ್ನೇ ನೋಡುತ್ತಿದ್ದಳು.

ಒಂದು ಸೋಮವಾರ ಅವರು ಇಳಿದು ಬಂದಾಗ ಕೇಳಿದಳು: "ಮ್ಯಾಲಿಂದ ನಮ್ಮನಿ ಹೆಂಗ ಕಾಣತೈತ್ರಿ? ಮಾಳಗಿ ಮ್ಯಾಲ ಕುಂತ್ರ ನಾ ಕಾಣತೀನೇನು?"

ಕೇಳಿದ್ದು ಇಷ್ಟೇ. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು!

ಭಾವನವರು ಗೆಳೆಯರೊಬ್ಬರ ಡಬ್ಬಿ ಕ್ಯಾಮೆರಾ ಎರವಲು ತಂದು ಬೆಟ್ಟದ ಮೇಲಿಂದ ಊರಿನ ಚಿತ್ರ ತೆಗೆದರು. ಅದು ಬಂತು. ನೋಡಿದರೆ ಯಾರೋ ಸಾಸಿವೆ ಚೆಲ್ಲಿದಂತಿದೆ. "ಇದರಾಗ ನಮ್ಮನಿ ಯಾವದ್ರಿ?" ಎಂದಳು ಅಕ್ಕ. "ಇದು ನೋಡು" ಎಂದು ಭಾವನವರು ಬೆರಳಿಟ್ಟರು. ಹತ್ತಿ ಪೇಟೆ, ರೈಲು ಸ್ಟೇಶನ್ನು, ಜಿನ್ನಿಂಗ್ ಫ್ಯಾಕ್ಟರಿಗಳು, ಇಡೀ ಆದವಾನಿಯೇ ಅವರ ಬೆರಳಿನಡಿ ಮುಚ್ಚಿಹೋಯಿತು. ಅಕ್ಕ "ಚಲೋ ಬಂದೈತಿ" ಎಂದು ಚಿತ್ರವನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು. ಭಾವನವರಿಗೆ ಅದನ್ನೇ ತಡೆಯಲಾಗಲಿಲ್ಲ. ಮಾಳಿಗೆಯ ಮೇಲೆ ನಿಂತ ಅಕ್ಕ ಕಾಣುವಂಥ ಚಿತ್ರ ತೆಗೆದೇ ತೀರುತ್ತೇನೆಂದು ಹಟ ತೊಟ್ಟರು.

ಅದಕ್ಕೆ ಫಿಲಂ ಹಾಳೆಯೇ ರೊಟ್ಟಿಯಷ್ಟು ಅಗಲವಿರುವ ದೊಡ್ಡ ಕ್ಯಾಮೆರಾ ಬೇಕಂತೆ. ಬಳ್ಳಾರಿಯ ಸ್ಟುಡಿಯೋದಲ್ಲಿ ಒಂದಿತ್ತು. ಇಬ್ಬರು ಆಳು ಹೊರುವಂಥದ್ದು, ಮಂಚದಷ್ಟಿತ್ತು ಎಂದು ಭಾವನವರೇ ನೋಡಿ ಬಂದು ಹೇಳಿದರು. ಇದನ್ನು ಗುಡ್ಡಕ್ಕೆ ಒಯ್ಯಬಹುದೇ ಎಂದು ಸ್ಟುಡಿಯೋದವನನ್ನು ಕೇಳಿದರಂತೆ. ಅವನು ಕೈಮುಗಿದು, "ಸಾಹುಕಾರ್ರೇ, ಅದರಕಿಂತ ಗುಡ್ಡಾನ ಇಲ್ಲಿಗೆ ತರ್ರಿ, ಸೋವಿ ಆಗತೈತಿ" ಎಂದನಂತೆ.

ಆಮೇಲೆ ಮದರಾಸಿನಿಂದ ಕ್ಯಾಟಲಾಗುಗಳು ಬರತೊಡಗಿದವು. ಮಡಚಿದರೆ ಪೆಟ್ಟಿಗೆಯಾಗುವ, ಬಿಚ್ಚಿದರೆ ಹಾರ್ಮೋನಿಯಂ ತಿದಿಯಂತೆ ಚರ್ಮದ ಮಡಿಕೆ ಎದ್ದು ನಿಲ್ಲುವ, ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಬಹುದಾದ ಕ್ಯಾಮೆರಾಗಳು! ಸಣ್ಣದು, ನಡುವಿನದು, ದೊಡ್ಡದು. ಹಗುರವಾದರೆ ಫಿಲಂ ಸಣ್ಣದು; ಫಿಲಂ ದೊಡ್ಡದಾದರೆ ಕ್ಯಾಮೆರಾ ಭಾರ. ಯಾವುದನ್ನು ಆರಿಸುವುದು? ಬೇರೆಯವರಾಗಿದ್ದರೆ ಯಾರನ್ನಾದರೂ ಕೇಳಿ ಒಂದು ತರಿಸಿಬಿಡುತ್ತಿದ್ದರು. ಹತ್ತಿ ವ್ಯಾಪಾರಿ ಸ್ಯಾಂಪಲ್ ನೋಡದೆ ಮಾಲು ಎತ್ತುತ್ತಾನೆಯೇ? ಅಗಲದ ಸ್ಯಾಂಪಲ್ ರೊಟ್ಟಿಯಲ್ಲಿ ಆಗಿತ್ತು. ಇನ್ನು ಭಾರದ ಸ್ಯಾಂಪಲ್. ಬಡಗಿಯನ್ನು ಕರೆಸಿ ಕ್ಯಾಟಲಾಗಿನ ಅಳತೆಗೆ ಮೂರು ಪೆಟ್ಟಿಗೆ ಮಾಡಲು ಹೇಳಿದರು.

"ಮುಚ್ಚಳಕ ಚಿಲಕ ಇಡ್ಲೇನ್ರಿ?" ಎಂದು ಕೇಳಿದ ಬಡಗಿ.

"ಚಿಲಕ ಬ್ಯಾಡ, ಮೊಳಿ ಹೊಡಿ."

"ಮೊಳಿ ಹೊಡದ್ರ ಒಳಗ ಇಟ್ಟದ್ದು ಹೆಂಗ ತಗೀತೀರಿ? ಅಲ್ರೀ, ಏನಿಡತೀರಿ ಇದರಾಗ?"

"ಭಾರ ಇಡತೀನಿ" ಎಂದರು ಭಾವನವರು.

ಬಡಗಿ ಬಾಗಿಲ ಹಿಂದಿದ್ದ ನನ್ನ ಕಡೆ ನೋಡಿದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಪೆಟ್ಟಿಗೆಗಳಿಗೆ ಹತ್ತಿಕಾಳು ತುಂಬಿಸಿ, ತಕ್ಕಡಿಯಲ್ಲಿಟ್ಟು, ಕ್ಯಾಟಲಾಗು ಹೇಳಿದ ತೂಕಕ್ಕೆ ಸರಿಯಾಗಿ ತಂದರು. ಒಂದು ಚಿಟಿಕೆ ಹೆಚ್ಚಾದರೂ ತೆಗೆದರು, ಕಡಿಮೆಯಾದರೆ ಹಾಕಿದರು. ಅಂದಿನಿಂದ ಪ್ರತಿ ಸೋಮವಾರ ಬೆನ್ನ ಮೇಲೆ ಒಂದು ಪೆಟ್ಟಿಗೆ ಕಟ್ಟಿಕೊಂಡು ಬೆಟ್ಟ ಹತ್ತತೊಡಗಿದರು. ಸಣ್ಣ ಪೆಟ್ಟಿಗೆ ಹೊತ್ತು ತುದಿ ಮುಟ್ಟಿ ಹಾಡುತ್ತಾ ಬಂದರು. ನಡುವಿನದನ್ನು ಹೊತ್ತು ತುದಿ ಮುಟ್ಟಿದರು, ಹಾಡು ಮಾತ್ರ ಬರಲಿಲ್ಲ. ದೊಡ್ಡದನ್ನು ಹೊತ್ತ ದಿನ ಅರ್ಧ ಬೆಟ್ಟದಲ್ಲಿ ಕೂತುಬಿಟ್ಟರು. ಮನೆಗೆ ಬಂದ ಮೇಲೆ ಅವರ ಬೆನ್ನಿಗೆ ಅಕ್ಕ ಉಪ್ಪಿನ ಶಾಖ ಕೊಡಬೇಕಾಯಿತು. ಆದರೆ ಅಕ್ಕ ಕಾಣುವುದು ಆ ದೊಡ್ಡದರಲ್ಲೇ! ಹಾಗಾಗಿ ಮುಂದಿನ ಸೋಮವಾರ ಮತ್ತೆ ಅದನ್ನೇ ಹೊತ್ತರು. ಮತ್ತೆ ಅರ್ಧ ಬೆಟ್ಟ, ಮತ್ತೆ ಉಪ್ಪಿನ ಶಾಖ.

ಊರು ಸುಮ್ಮನಿರುತ್ತದೆಯೇ? ಸಾಹುಕಾರರಿಗೆ ಕೋಟೆಯಲ್ಲಿ ನಿಧಿ ಸಿಕ್ಕಿದೆ, ಪೆಟ್ಟಿಗೆಗಟ್ಟಲೆ ಇಳಿಸುತ್ತಿದ್ದಾರೆ ಎಂಬ ಸುದ್ದಿ ಆಲೂರಿನವರೆಗೆ ಮುಟ್ಟಿತು. ಅವರು ದಣಿವಾರಿಸಿಕೊಂಡ ಜಾಗಗಳನ್ನೆಲ್ಲ ಯಾರೋ ಅಗೆದು ಹಾಕಿದರು. ಕಡೆಗೆ ಒಬ್ಬ ಪೊಲೀಸಿನವನು ಬೆಟ್ಟದ ಬುಡದಲ್ಲಿ ಅಡ್ಡ ನಿಂತ. "ಏಮಿ ಸಾವ್ಕಾರುಗಾರೂ, ಪೆಟ್ಟೆಲೋ ಏಮುಂದಿ?" ಎಂದು ತೆಲುಗಿನಲ್ಲೇ ಶುರುಮಾಡಿದ, ಪೆಟ್ಟಿಗೆಯಲ್ಲೇನಿದೆ ಎಂದು.

"ಹತ್ತಿಕಾಳು" ಎಂದರು ಭಾವನವರು.

ಮೊಳೆ ಕೀಳಿಸಿ ನೋಡಿದ. ಹತ್ತಿಕಾಳೇ! ಅವನಿಗೆ ತೆಲುಗೇ ಮರೆತುಹೋಯಿತು. "ಅಲ್ರೀ, ಹತ್ತಿಕಾಳು ಗುಡ್ಡದ ಮ್ಯಾಲ ಯಾಕ ಒಯ್ತೀರಿ?"

"ಕೆಳಗ ತರಾಕ!"

ಪಾಪ, ಅವನು ಸಲಾಮು ಹೊಡೆದು ಹೊರಟುಹೋದನಂತೆ. ಆಮೇಲೆ ನಿಧಿಯ ಮಾತು ನಿಂತಿತು. ಸಾಹುಕಾರರಿಗೆ ತಲೆ ಕೆಟ್ಟಿದೆ ಎಂಬ ಮಾತು ಶುರುವಾಯಿತು.

ಹೀಗೆ ಆರಿಸುತ್ತಾ ಆರಿಸುತ್ತಾ ವರ್ಷಗಳೇ ಉರುಳಿದವು. ನನಗೆ ಎರಡು ಮಕ್ಕಳಾದವು, ಕ್ಯಾಮೆರಾ ಆಗಲಿಲ್ಲ. ಅಷ್ಟರಲ್ಲಿ ಅಕ್ಕನ ಕಾಲು ಇನ್ನಷ್ಟು ಸೋಲತೊಡಗಿತು. ಮೊದಲು ಗೋಡೆ ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದವಳು ಈಗ ಕೂತು ಕೂತು ಹತ್ತಬೇಕಾಯಿತು. ಅತ್ತ ಯುದ್ಧ ಶುರುವಾಯಿತು. ಇನ್ನು ವಿಲಾಯತಿ ಮಾಲು ಬರುವುದು ಕಷ್ಟ, ಅಂಗಡಿಯಲ್ಲಿ ಇದ್ದದ್ದು ಮುಗಿದರೆ ಮುಗಿಯಿತು ಎಂದು ಮದರಾಸಿನಿಂದ ಕಾಗದ ಬಂತು. ಭಾವನವರು ಊಟ ಬಿಟ್ಟು ಮೂರು ಪೆಟ್ಟಿಗೆಗಳ ಮುಂದೆ ತಲೆಯ ಮೇಲೆ ಕೈಹೊತ್ತು ಕೂತರು.

ಅಕ್ಕ ಮೆಲ್ಲಗೆ ಬಂದು ಅವರೆದುರು ಕೂತಳು. "ದೊಡ್ಡದರಾಗ ನಾ ಕಾಣತೀನಿ, ಆದ್ರ ನಿಮಗ ತುದಿತನಕ ಹೊರಾಕ ಆಗಂಗಿಲ್ಲ. ಹೌದಲ್ರಿ?"

"ಹೌದು."

"ಹಂಗಾರ ದೊಡ್ಡದ ತರಸ್ರಿ. ಎಲ್ಲೀತನಕ ಹತ್ತಾಕ ಆಗತೈತೋ ಅಲ್ಲಿಂದನ ತಗೀರಿ. ನಾ ಮಾಳಗಿ ಹತ್ತೋದು ನಿಂತಮ್ಯಾಲ ನೀವು ತುದಿಗಿ ಹೋಗಿ ಏನು ತಗೀತೀರಿ?"

ಭಾವನವರು ಎದ್ದು ಅಂಗಿ ಹಾಕಿಕೊಂಡು ತಾರು ಕಳಿಸಲು ಹೋದರು.

ರೈಲಿನಲ್ಲಿ ಪಾರ್ಸಲ್ ಬಂತು. ಕಬ್ಬಿಣದ ಪಟ್ಟಿ ಹೊಡೆದ ಭರ್ಜರಿ ಕಟ್ಟಿಗೆಯ ಪೆಟ್ಟಿಗೆ. ಅದರೊಳಗೆ ಹುಲ್ಲು, ಹುಲ್ಲಿನೊಳಗೆ ತಗಡಿನ ಡಬ್ಬಿ, ಡಬ್ಬಿಯೊಳಗೆ ಬಟ್ಟೆ, ಬಟ್ಟೆಯೊಳಗೆ ತೇಗದ ಮೈಯ, ಹಿತ್ತಾಳೆಯ ಮೂಲೆಯ ಕ್ಯಾಮೆರಾ! ಭಾವನವರು ಧೋತರ ಎತ್ತಿ ಕಟ್ಟಿದರು. "ಶಿವಾ" ಎಂದು ಮೈಯೆಲ್ಲಾ ಬಿಗಿಹಿಡಿದು ಎತ್ತಿದರು. ಅಯ್ಯೋ! ಅದು ಕೋಳಿಮರಿಯಂತೆ ಎದ್ದು ಬಂದು ಇನ್ನೇನು ಜಂತಿಗೆ ಬಡಿಯಬೇಕು, ನನ್ನ ಯಜಮಾನರು ಹಿಡಿದುಕೊಂಡರು.

ಭಾವನವರು ಅದನ್ನು ತಕ್ಕಡಿಗೆ ಹಾಕಿದರು. ಹತ್ತಿಕಾಳಿನ ಪೆಟ್ಟಿಗೆಯ ಅರ್ಧದಷ್ಟೂ ಇಲ್ಲ! ಕ್ಯಾಟಲಾಗು ತೆಗೆದು ಕಣ್ಣಿಗೆ ಅಂಟಿಸಿಕೊಂಡು ಓದಿದರು. ಮುಖ ಕೆಂಪಾಯಿತು. ಅಲ್ಲಿ ಕೊಟ್ಟಿದ್ದು ಹೊರಗಿನ ಪೆಟ್ಟಿಗೆ, ಹುಲ್ಲು, ತಗಡು ಎಲ್ಲಾ ಸೇರಿದ ತೂಕವಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ.

ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದ ಕೂಗಿಬಿಟ್ಟೆ: "ಅಕ್ಕಾ, ಭಾವನೋರಿಗೆ ಹೇಳು, ಬಾರದಾನ ಕಳೀಲಿಲ್ಲಂತ!"

ನನ್ನ ಯಜಮಾನರು ನಗು ತಡೆಯಲಾರದೆ ಬೀದಿಗೆ ಓಡಿದರು. ಅಕ್ಕ ಎಂದಿನಂತೆ ಮಾತು ದಾಟಿಸಲು ಬಾಯಿ ತೆರೆದಳು. "ಕೇಳಿಸ್ತು!" ಎಂದರು ಭಾವನವರು. ಈ ಸುದ್ದಿ ಪೇಟೆಗೆ ಹೋಗಬಾರದೆಂದು ಮನೆಮಂದಿಗೆಲ್ಲಾ ಆಣೆ ಹಾಕಿಸಿದರು. ಆ ಪೇಟೆಯ ಮಂದಿ ಯಾರೂ ಈಗ ಉಳಿದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಕುರುಬರಿಂದ ಕೊಂಡ ಕರಿಯ ಕಂಬಳಿಯನ್ನು ತಲೆಯ ಮೇಲೆ ಹೊದ್ದು ನೋಡಬೇಕು. ಭಾವನವರು ಹೊರಗೆ ಹೋದಾಗ ನಾನೂ ಕಂಬಳಿಯೊಳಗೆ ತೂರಿದೆ. ಕುರಿಯ ವಾಸನೆ ಘಮ್ಮೆಂದಿತು. ಹಾಲಿನಂಥ ಗಾಜಿನ ಮೇಲೆ ಅಕ್ಕ ತಲೆಕೆಳಗಾಗಿ ಕೂತು ಸಜ್ಜೆ ಕೇರುತ್ತಿದ್ದಳು. ಒಂದು ಕಾಳೂ ಉದುರುತ್ತಿರಲಿಲ್ಲ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸೋಮವಾರ ಬಂತು. ಭಾವನವರು ಹೆಗಲ ಮೇಲಿನ ಬಿಳಿ ವಸ್ತ್ರ ತೋರಿಸಿ ಅಕ್ಕನಿಗೆ ಪಾಠ ಹೇಳಿದರು. "ತುದೀಲಿಂದ ವಲ್ಲಿ ಬೀಸತೀನಿ. ಆಗ ನಿಲ್ಲು. ಅಲುಗ್ಯಾಡಿದ್ರ ಚಿತ್ರ ಕೆಡತೈತಿ. ಮತ್ತೊಮ್ಮೆ ಬೀಸಿದಮ್ಯಾಲ ಕುಂದುರು." ವರ್ಷಗಟ್ಟಲೆ ಎರಡರಷ್ಟು ಭಾರ ಹೊತ್ತು ಪಳಗಿದ ಆಸಾಮಿ, ಕ್ಯಾಮೆರಾ ಬೆನ್ನಿಗೇರಿಸಿಕೊಂಡು ಮೇಕೆಯಂತೆ ನೆಗೆದು ತುದಿ ಮುಟ್ಟಿದರು. ನಾನು ಅಕ್ಕನನ್ನು ಮಾಳಿಗೆಗೆ ಹತ್ತಿಸಿದೆ. ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಮೇಲೆ ಬಿಳಿಯದೊಂದು ಚುಕ್ಕೆ ಅಲ್ಲಾಡಿತು. ಅಕ್ಕ ಎದ್ದು ನಿಂತಳು, ನನ್ನ ಹೆಗಲ ಮೇಲೆ ಒಂದು ಕೈಯಿಟ್ಟು.

ನಿಂತಳು. ನಿಂತಳು. ನಿಂತೇ ಇದ್ದಳು. ಎರಡನೆಯ ಸಲ ವಲ್ಲಿ ಅಲ್ಲಾಡಲೇ ಇಲ್ಲ.

"ಅಕ್ಕಾ, ಆಗಿರಬೇಕು, ಕುಂದುರು."

"ಮಾತಾಡಬ್ಯಾಡ, ಚಿತ್ರ ಕೆಡತೈತಿ" ಎಂದಳು, ತುಟಿ ಅಲುಗಿಸದೆ. ಕಾಲು ಗಡಗಡ ನಡುಗುತ್ತಿತ್ತು. ನನ್ನ ಹೆಗಲು ಜಗ್ಗಿಹೋಗುತ್ತಿತ್ತು. ಬಿಸಿಲು ನೆತ್ತಿಗೇರಿತು. ಕೆಳಗೆ ಬಾಗಿಲು ಸದ್ದಾಯಿತು, ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ಭಾವನವರೇ! ಚಿತ್ರ ತೆಗೆದ ಹಿಗ್ಗಿನಲ್ಲಿ ವಲ್ಲಿ ಬೀಸುವುದನ್ನೇ ಮರೆತು ಇಳಿದು ಬಂದುಬಿಟ್ಟಿದ್ದರು.

"ಏ, ಇನ್ನೂ ನಿಂತೀಯಲ್ಲ!"

"ನೀವು ವಲ್ಲಿ ಬೀಸಲಿಲ್ಲಲ್ರಿ" ಎಂದಳು ಅಕ್ಕ.

ಭಾವನವರು ಹೆಗಲ ಮೇಲಿನ ವಲ್ಲಿ ತೆಗೆದರು. ಅವಳೆದುರು ನಿಂತು ಒಮ್ಮೆ ಬೀಸಿದರು. ಆಮೇಲೆ ಅಕ್ಕ ಕೂತಳು.

ಬಳ್ಳಾರಿಯ ಸ್ಟುಡಿಯೋದಿಂದ ಚಿತ್ರ ಬಂದಾಗ ನಾವೆಲ್ಲಾ ಬಗ್ಗಿ ನೋಡಿದೆವು. ಊರೆಲ್ಲಾ ಇತ್ತು, ಮನೆಮನೆಯೂ ಬೇರೆಯಾಗಿ ಕಾಣುತ್ತಿತ್ತು. ಭಾವನವರು ಭೂತಗನ್ನಡಿ ಹಿಡಿದರು. ನಮ್ಮ ಗಲ್ಲಿ, ನಮ್ಮ ಮನೆ, ಮಾಳಿಗೆ. ಮಾಳಿಗೆಯ ಮೇಲೆ ಎಳ್ಳುಕಾಳಿನಷ್ಟು ಇಬ್ಬರು. ಅವರಲ್ಲಿ ಒಬ್ಬಳು ನೆಟ್ಟಗೆ, ಕಂಬದಷ್ಟು ನೆಟ್ಟಗೆ ನಿಂತಿದ್ದಳು.

ನಾವೆಲ್ಲಾ ನಮ್ಮ ನಮ್ಮ ಕೆಲಸಕ್ಕೆ ಚದುರಿದರೂ ಅಕ್ಕ ಅದನ್ನೇ ನೋಡುತ್ತಿದ್ದಳು. ನಾನು ಬಾಗಿಲ ಹಿಂದೆ ಹಿಟ್ಟು ನಾದುತ್ತಿದ್ದೆ.

"ಏನ್ರೀ," ಎಂದಳು ಸಣ್ಣ ದನಿಯಲ್ಲಿ, "ಅಲ್ಲಿಂದ ನೋಡಿದ್ರ ನನ್ನ ಕಾಲು ಗೊತ್ತ ಆಗಂಗಿಲ್ಲಲ್ಲ."

"ನನಗ ಇಲ್ಲಿಂದಾನೂ ಗೊತ್ತಾಗಿಲ್ಲ" ಎಂದರು ಭಾವನವರು.

ಅಕ್ಕ ಮೂಗೊರೆಸಿಕೊಂಡು, "ಸುಮ್ಮಿರ್ರಿ, ಬಾಗಲ ಹಿಂದ ತಂಗಿ ಅದಾಳ" ಎಂದಳು.

ಇದ್ದೆ. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಚಿತ್ರ ಕೆಟ್ಟೀತೆಂಬಂತೆ ನಾನೂ ಅಲುಗಾಡದೆ ನಿಂತಿದ್ದೆ.