ದೇಶ ಬಿಟ್ಟವಳ ನಗರದರ್ಶನ

ನಾನು ಈ ಕೊಲ್ಲಿ ದೇಶದಲ್ಲಿ ಇಲ್ಲವೆಂದು ಬರೆದಿಟ್ಟವರು ನಮ್ಮ ಕಾಲೇಜಿನ ನೋಂದಣಿ ವಿಭಾಗದವರು. ವಿಚಾರಣೆಯಿಲ್ಲ, ನೋಟಿಸಿಲ್ಲ, ಒಂದು ಫೋನ್ ಕರೆಯೂ ಇಲ್ಲ. ಇರುವ ಮನುಷ್ಯರನ್ನು ಇಲ್ಲವಾಗಿಸಲು ಹಿಂದೆಲ್ಲ ಮಂತ್ರವಾದಿಗಳು ಬೇಕಾಗುತ್ತಿದ್ದರು, ನಿಂಬೆಹಣ್ಣಾದರೂ ಖರ್ಚಾಗುತ್ತಿತ್ತು. ಈಗ ಒಂದು ಕೀಲಿಮಣೆ ಸಾಕು.

ಬುಧವಾರದವರೆಗೂ ತೆರೆಯುತ್ತಿದ್ದ ಕಾಲೇಜಿನ ಗೇಟು ಗುರುವಾರ ನನ್ನ ಕಾರ್ಡಿಗೆ ತೆರೆಯಲಿಲ್ಲ. ಪಕ್ಕದ ನೋಂದಣಿ ಕಿಟಕಿಯ ಹಿಂದಿನ ಗುಮಾಸ್ತರು ಪರದೆ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಪರದೆಯನ್ನೇ ನಂಬಿದರು.

"ಈ ವಿದ್ಯಾರ್ಥಿನಿ ಹೋದ ತಿಂಗಳೇ ದೇಶ ಬಿಟ್ಟಿದ್ದಾಳೆ."

"ಹಾಗಾದರೆ ನಾನು ಯಾರು, ಸರ್?"

"ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ. ಖಲಾಸ್. ಶುಕ್ರ, ಶನಿ ರಜೆ. ಭಾನುವಾರ ಹತ್ತಕ್ಕೆ ಬನ್ನಿ."

ಭಾನುವಾರ ಎಂಟಕ್ಕೆ ನನ್ನ ಕೊನೆಯ ಪರೀಕ್ಷೆ. ತಪ್ಪಿದರೆ ಒಂದು ವರ್ಷ ಹೋದಂತೆಯೇ.

ನನ್ನ ಸಹಪಾಠಿ ಶಬಾನಾ ಬಂಟ್ವಾಳದವಳು. ಈ ನಗರದ ಖೈತಾನ್‌ನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಸಮಾಧಾನ ಹೇಳುವ ಅಭ್ಯಾಸ ಅವಳಿಗಿಲ್ಲ. "ಹೇಗೂ ನೀನು ಇಲ್ಲ ಅಲ್ವಾ ಮಾರಾಯ್ತಿ! ಎರಡು ವರ್ಷ ಆಯ್ತು, ಫಿಂಟಾಸ್‌ನ ಮನೆ, ಕಾಲೇಜಿನ ಬಸ್ಸು ಬಿಟ್ಟು ಎಂಥ ನೋಡಿದ್ದಿ? ಚಲೋ, ನಾಳೆ ಊರು ನೋಡುವ."

ಹೀಗೆ ಶುಕ್ರವಾರದ ನಡು ಮಧ್ಯಾಹ್ನ, ಇಲ್ಲದವಳು ಊರು ನೋಡಲು ಹೊರಟಳು. ಬೆಳಿಗ್ಗೆಯಿಂದ ಧೂಳು ಎದ್ದಿತ್ತು. ಆಕಾಶಕ್ಕೆ ಹಳೆಯ ತಾಮ್ರದ ಪಾತ್ರೆಯ ಬಣ್ಣ ಬಂದಿತ್ತು. ನಮಾಜಿನ ಹೊತ್ತಾದ್ದರಿಂದ ಹಳೆಯ ಪೇಟೆಬೀದಿ ಸೂಕಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಉದ್ದನೆಯ ಬೀದಿಯಲ್ಲಿ ಏಸಿಗಳ ಗೊರಗೊರ ಸದ್ದು ಮಾತ್ರ. ಬ್ಯಾಂಕೊಂದರ ಕನ್ನಡಿ ಗೋಡೆಯಲ್ಲಿ ಶಬಾನಾ ಮಸುಕಾಗಿ ಕಂಡಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಗಾಜಿಗೆ ಧೂಳು ಮೆತ್ತಿದೆ ಎಂದು ನಾನು ಕಲಿತ ತರ್ಕಶಾಸ್ತ್ರ ಹೇಳಿತು, ಎದೆ ಒಪ್ಪಲಿಲ್ಲ. ಮಾಲ್‌ನ ತಾನಾಗಿ ತೆರೆಯುವ ಬಾಗಿಲು ಅವಳಿಗೆ ತೆರೆಯಿತು, ನನ್ನ ಮೂಗಿನೆದುರು ಮುಚ್ಚಿತು. ಸಮುದ್ರದಂಡೆಯಲ್ಲಿ ಒಂದು ಬೆಕ್ಕು ನೋಟದಿಂದಲೇ ನನ್ನನ್ನು ಸೀಳಿಕೊಂಡು ನನ್ನ ಹಿಂದಿನದೇನನ್ನೋ ದಿಟ್ಟಿಸುತ್ತ ಕೂತಿತ್ತು. ದಂಡೆಯ ಪ್ರಸಿದ್ಧ ಗೋಪುರಗಳ ನೀಲಿ ಗೋಲಗಳು ಧೂಳಿನಲ್ಲಿ ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿದ್ದವು.

ಶಬಾನಾ ತೆಗೆದ ಹದಿನಾಲ್ಕು ಫೋಟೊಗಳನ್ನು ನೋಡಿದೆ. ಒಂದರಲ್ಲೂ ನಾನಿರಲಿಲ್ಲ.

"ಶಬಾನಾ... ನಾನೆಲ್ಲಿ?"

"ನೀನು ಗೋಪುರಕ್ಕೆ ಅಡ್ಡ ಬರ್ತಿದ್ದಿ. ಕಟ್ ಮಾಡಿದೆ."

ಗಾಬರಿಯಿಂದ ಅಮ್ಮನಿಗೆ ಫೋನ್ ಮಾಡಿದೆ. "ಬರುವಾಗ ಮೊಸರು ತಾ" ಎಂದಳು. ನನ್ನ ಅಸ್ತಿತ್ವಕ್ಕೆ ಅಂದು ಸಿಕ್ಕ ಏಕೈಕ ದಾಖಲೆ ಅದು.

ಆಗಲೇ ಶಬಾನಾ ಕೇಳಿದ್ದು: ಹೋದ ತಿಂಗಳು ಅಕ್ಕನ ಮದುವೆಗೆ ಮೈಸೂರಿಗೆ ಹೋಗುವ ಮೊದಲು ಕಾಲೇಜಿನಲ್ಲಿ ಏನಾದರೂ ಬರೆದುಕೊಟ್ಟಿದ್ದೆಯಾ ಎಂದು. ಅರ್ಜಿಯ ಪ್ರತಿ ಚೀಲದಲ್ಲೇ ಇತ್ತು. ಅರಬ್ಬಿಯಲ್ಲಿ ಎರಡು ಸಾಲು, ಎರಡು ಚೌಕ. ಮದರಸದಲ್ಲಿ ಅಕ್ಷರ ಕಲಿತು, ಅಣ್ಣನ ಅಂಗಡಿಯಲ್ಲಿ ಭಾಷೆ ಕಲಿತವಳು ಬೆರಳಿಟ್ಟು ಓದಿದಳು. "ಇದು 'ರಜೆಯಲ್ಲಿ ಹೋಗಿ ಬರುತ್ತೇನೆ'. ಇದು 'ಶಾಶ್ವತವಾಗಿ ಹೋಗುತ್ತೇನೆ'. ಟಿಕ್ ಹಾಕಿದ್ದು ಯಾವ ಪುಣ್ಯಾತ್ಗಿತ್ತಿ?"

ಪುಣ್ಯಾತ್ಗಿತ್ತಿ ಸಮುದ್ರ ನೋಡತೊಡಗಿದಳು. ಅಂದು ಶಬಾನಾ ಪಕ್ಕದಲ್ಲೇ ನಿಂತಿದ್ದಳು. ಅರಬ್ಬಿ ಬರದಿದ್ದರೇನು, ತರಗತಿಗೆ ಮೊದಲಿಗಳಾದ ನಾನು ಅವಳನ್ನು ಕೇಳುವುದೇ?

ಆದರೂ ನೋಂದಣಿ ವಿಭಾಗದ ಮಾನ್ಯರೇ, ಪ್ರಶ್ನೆ ಉಳಿಯುತ್ತದೆ. ಶಾಶ್ವತವಾಗಿ ಹೋದವಳು ಹತ್ತೇ ದಿನದಲ್ಲಿ ಮರಳಿ ನಿಮ್ಮದೇ ತರಗತಿಗಳಲ್ಲಿ ಮುಂದಿನ ಬೆಂಚಿನಲ್ಲಿ ಕೂತಾಗ, ಹಾಜರಿ ಹಾಕಿದ ನಿಮಗೆ ಒಮ್ಮೆಯೂ ಭಯವಾಗಲಿಲ್ಲವೇ? ಭಾನುವಾರ ಎಂಟು ಗಂಟೆಯೊಳಗೆ ನನ್ನನ್ನು ಈ ದೇಶಕ್ಕೆ ಮರಳಿ ಸೇರಿಸಿಕೊಂಡು ಪರೀಕ್ಷೆಗೆ ಕೂರಿಸಬೇಕೆಂದೂ, ಲಿಖಿತ ಉತ್ತರ ನೀಡಬೇಕೆಂದೂ ಈ ಮೂಲಕ ಆಗ್ರಹಿಸುತ್ತೇನೆ. ಉತ್ತರವನ್ನು ದಯವಿಟ್ಟು ನನ್ನ ಹೆಸರಿಗೆ ಕಳುಹಿಸಬೇಡಿ. ನಿಮ್ಮ ಪ್ರಕಾರ ಆ ಹೆಸರಿನವರು ಇಲ್ಲಿಲ್ಲ. ಶಬಾನಾಳ ಕೈಗೆ ಕೊಡಿ. ಅವಳಿಗೆ ಓದಲು ಬರುತ್ತದೆ.