ಹಣೆಯ ಮೇಲೆ ಕುಂಕುಮ ಹೊತ್ತು ಕುಳಿತ ಯಂತ್ರರಾಯರಿಗೆ

ಮಾನ್ಯ ಯಂತ್ರರಾಯರೇ,

ಮಸ್ಕಿಯ ಕಚೇರಿಯೊಂದರ ಹಿಂದಿನ ಕೋಣೆಯಲ್ಲಿ ಹೂವಿನ ಹಾರ, ಜರಿ ಶಾಲು ಮತ್ತು ಧೂಳನ್ನು ಒಟ್ಟಿಗೇ ಧರಿಸಿ ವಿರಾಜಮಾನರಾಗಿರುವ ತಮಗೆ ಮುಕ್ಕುಂದದ ಆಶಾ ಕಾರ್ಯಕರ್ತೆ ಯಮನಮ್ಮ ಮಾಡುವ ಶರಣು ಶರಣಾರ್ಥಿಗಳು. ಕಚೇರಿಯ ಹೆಸರು ಬರೆದಿಲ್ಲ; ನಾಳೆ ಅದೇ ಬಾಗಿಲಿಗೆ ನಾನು ವರದಿ ಹಿಡಿದುಕೊಂಡು ಹೋಗಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ಕೆಲಸವಿಲ್ಲದವರ ಕ್ಷೇಮಕ್ಕೆ ಏನು ಕೊರತೆ?

ತಮಗೆ ನೆನಪಿರಲಿಕ್ಕಿಲ್ಲವಾದ್ದರಿಂದ ತಮ್ಮ ಪೂರ್ವಚರಿತ್ರೆಯನ್ನು ನಾನೇ ಹೇಳುತ್ತೇನೆ. ೨೦೨೦ರ ಫೆಬ್ರವರಿಯಲ್ಲಿ ತಾವು ಸಿಂಧನೂರಿಗೆ ಬಂದಿಳಿದದ್ದು ಹೆಪಟೈಟಿಸ್ ವೈರಾಣುಗಳನ್ನು ಎಣಿಸಲಿಕ್ಕೆ. ನಮ್ಮ ಕಡೆ ಕಾಮಣಿ ಎನ್ನುತ್ತೇವೆ. ಲಿವರಿನಲ್ಲಿ ಸದ್ದಿಲ್ಲದೆ ಸೇರಿಕೊಂಡು, ವರ್ಷಗಟ್ಟಲೆ ಉಂಡು, ಕೊನೆಗೆ ಹೊಟ್ಟೆ ಊದಿಸಿ ಮನುಷ್ಯನನ್ನೇ ಕರೆದೊಯ್ಯುವ ಅತಿಥಿ ಅದು. ರಕ್ತದಲ್ಲಿ ಅದರ ಸಂಖ್ಯೆ ಎಷ್ಟೆಂದು ತಾವು ಹೇಳಿದ ಮೇಲೆಯೇ ಡಾಕ್ಟರು ಮಾತ್ರೆ ಬರೆಯಬೇಕು. ರಿಬ್ಬನ್ ಕತ್ತರಿಸಿದರು, ಪೇಢೆ ಹಂಚಿದರು, ‘೨೦೩೦ರೊಳಗೆ ಕಾಮಣಿ ನಿರ್ಮೂಲನೆ’ ಎಂಬ ದೊಡ್ಡ ಪೋಸ್ಟರನ್ನು ಗೋಡೆಗೆ ಹೊಡೆದರು. ನಾನು ನನ್ನ ಗಂಡ ಪಂಪಾಪತಿಯವರ ಹೆಸರನ್ನು ಸರದಿಯಲ್ಲಿ ಬರೆಸಿದೆ. ಹದಿನೇಳನೆಯ ಹೆಸರು.

ಹದಿನಾಲ್ಕು ಹೆಸರು ಮುಗಿಯುವಷ್ಟರಲ್ಲಿ ಕೊರೊನಾ ಬಂತು. ತಮ್ಮನ್ನು ನಿಯೋಜನೆಯ ಮೇಲೆ ಲಿಂಗಸುಗೂರಿಗೆ ಕಳಿಸಿದರು. ಅಲ್ಲಿ ತಾವು ಊಟ ನಿದ್ರೆ ಬಿಟ್ಟು ಊರವರ ಮೂಗಿನ ಕಡ್ಡಿಗಳನ್ನು ನುಂಗಿದಿರಿ. ಅದನ್ನು ಅಲ್ಲಗಳೆದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಆದರೆ ಕಾಮಣಿಯ ವೈರಾಣುವಿಗೆ ಲಾಕ್‌ಡೌನಿನ ಸುತ್ತೋಲೆ ತಲುಪಿರಲಿಲ್ಲವಾಗಿ ಅದು ಒಂದು ದಿನವೂ ಕರ್ತವ್ಯಕ್ಕೆ ಗೈರುಹಾಜರಾಗಲಿಲ್ಲ. ಪರೀಕ್ಷೆ ನಿಂತ ಮೇಲೆ ಜನ ಮತ್ತೆ ಮುಂಗೈಗೆ ಬರೆ ಹಾಕುವವರ ಬಳಿಗೆ ಹೋದರು. ಅಲ್ಲಿ ಅರ್ಜಿಯಿಲ್ಲ, ನಿಯೋಜನೆಯಿಲ್ಲ, ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋದರಾಯಿತು. ನಾನು ಊರ ಕೈಗೆಲ್ಲ ಸ್ಯಾನಿಟೈಸರ್ ಹಾಕುತ್ತ ತಿರುಗಿದೆ. ನನ್ನವರು ಹದಿನೇಳನೆಯವರಾಗಿಯೇ ಉಳಿದು ಮರುವರ್ಷ ತೀರಿಕೊಂಡರು. ಈ ಮಾತಿಗೆ ತಮಾಷೆ ಸೇರಿಸಲು ನನಗೆ ಬರುವುದಿಲ್ಲ, ಕ್ಷಮಿಸಬೇಕು.

ಪಿಡುಗು ಇಳಿದ ಮೇಲೆ ತಮ್ಮನ್ನು ಸನ್ಮಾನಕ್ಕೆಂದು ಮಸ್ಕಿಗೆ ಕರೆತಂದರು. ಶಾಲು ಹೊದಿಸುವವರು ಹತ್ತು ಜನ ಇದ್ದರು, ಹಿಂದಕ್ಕೆ ಕಳಿಸುವ ಆದೇಶ ಬರೆಯುವವರು ಒಬ್ಬರೂ ಇರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು. ತಮ್ಮ ಉಸ್ತುವಾರಿಯ ಲ್ಯಾಬ್ ಟೆಕ್ನಿಷಿಯನ್ ಸಂಗನಬಸವ ಬಹಳ ಭಕ್ತಿವಂತ ಹುಡುಗ. ತಮ್ಮ ಮುಖದ ಮೇಲಿನ ಚಿಕ್ಕ ಗಾಜನ್ನು ಹಣೆಯೆಂದು ತಿಳಿದು, ಮೂರು ಬೆರಳು ವಿಭೂತಿ ಎಳೆದು, ನಡುವೆ ರೂಪಾಯಿ ಅಗಲದ ಕುಂಕುಮ ಇಟ್ಟ. ಅದು ಹಣೆಯಲ್ಲ, ಕಣ್ಣು. ರಕ್ತದ ಮಾದರಿಯ ಗುರುತು ಓದುವ ಕಣ್ಣು. ಅಂದಿನಿಂದ ಏನು ಕೊಟ್ಟರೂ ತಾವು ‘ಮಾದರಿ ಕಾಣುತ್ತಿಲ್ಲ’ ಎನ್ನುತ್ತೀರಿ. ಈಗ ಮೂರು ಆಯುಧಪೂಜೆಗಳಾಗಿ ಪದರ ಹೋಳಿಗೆಯಷ್ಟು ದಪ್ಪವಾಗಿದೆ.

ಒರೆಸಪ್ಪ ಎಂದರೆ ಸಂಗನಬಸವ ಎರಡು ಹೆಜ್ಜೆ ಹಿಂದೆ ಸರಿದ. “ಯಕ್ಕಾ, ಹಬ್ಬದಾಗ ಹಚ್ಚಿದ ಕುಂಕುಮರೀ ಅದು. ಅಳಿಸಾಕ ನನ್ನ ಕೈ ಏಳವಲ್ದು. ಮ್ಯಾಲಿನವರು ಹುಕುಂ ಕೊಟ್ರ ನೋಡೂಣು.” ಹೀಗೆ ಕುಂಕುಮ ಒರೆಸುವ ಅನುಮತಿಗಾಗಿ ಒಂದು ಕಡತ ಹುಟ್ಟಿತು. ಸಿಂಧನೂರಿನವರು ಯಂತ್ರ ನಮ್ಮದು, ಆದರೆ ನಮ್ಮಲ್ಲಿಲ್ಲ ಎಂದರು. ಲಿಂಗಸುಗೂರಿನವರು ನಿಯೋಜನೆ ನಮ್ಮದು, ಕುಂಕುಮ ನಮ್ಮದಲ್ಲ ಎಂದರು. ಮಸ್ಕಿಯವರು ಕುಂಕುಮ ನಮ್ಮದೇ, ಹಣೆ ಸಿಂಧನೂರಿನದು ಎಂದು ಷರಾ ಬರೆದರು. ಕಡತ ಹೊತ್ತು ತಿರುಗುವ ಅಟೆಂಡರ್ ದಾವಲ್‌ಸಾಬ್ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, “ಯಮನಮ್ಮಾರ, ನಿಮಗಿಂತ ಈ ಫೈಲೇ ಹೆಚ್ಚು ಬಸ್ ಹತ್ತೈತ್ರಿ” ಎಂದು ನಕ್ಕರು. ನಾನೂ ನಕ್ಕೆ. ಅಳುವುದಕ್ಕೆ ಬಸ್ ನಿಲ್ದಾಣ ಸರಿಯಾದ ಜಾಗವಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾಲಗುಂದದಿಂದ ನಮ್ಮೂರಿಗೆ ಸೊಸೆಯಾಗಿ ಬಂದ ವಿಜಯಶ್ರೀಗೆ ಏಳು ತಿಂಗಳು ತುಂಬಿದೆ. ಬೆರಳು ಚುಚ್ಚಿ ಮಾಡುವ ಪಟ್ಟಿ ಪರೀಕ್ಷೆಯಲ್ಲಿ ಅವಳಿಗೆ ಅದೇ ಕಾಮಣಿಯೆಂದು ಎರಡು ಗೆರೆ ಬಂದಿವೆ. ವೈರಾಣು ಹೆಚ್ಚಿದ್ದರೆ ಈಗಲೇ ಮಾತ್ರೆ ಶುರುವಾಗಬೇಕು, ಇಲ್ಲವಾದರೆ ಹುಟ್ಟುವ ಕೂಸಿಗೂ ತಗಲುವ ಭಯ. ಮಾದರಿಯನ್ನು ಬೇರೆ ಕಡೆ ಕಳಿಸಿದರೆ ‘ಯಂತ್ರ ನಿಮ್ಮಲ್ಲೇ ಇದೆಯಲ್ಲ’ ಎಂದು ವಾಪಸು ಬರುತ್ತದೆ. ಆದ್ದರಿಂದ ತಾವು ದಯಮಾಡಿ ಆ ಕೂಸಿಗೆ ಒಂದು ಪತ್ರ ಬರೆದು, ಕಡತ ಇತ್ಯರ್ಥವಾಗುವವರೆಗೆ ಒಳಗೇ ಇರಬೇಕೆಂದು ತಿಳಿಸಬೇಕಾಗಿ ಕೋರುತ್ತೇನೆ. ಅದು ಆಗದಿದ್ದರೆ ತಾವೇ ಮಸ್ಕಿಯಲ್ಲಿ ಬಸ್ ಹತ್ತಿ ಸಿಂಧನೂರಿಗೆ ಬಂದುಬಿಡಿ. ಆಧಾರ್ ತೋರಿಸಿದರೆ ನನಗೆ ಟಿಕೆಟ್ ದುಡ್ಡಿಲ್ಲ, ತಮ್ಮನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಅದೂ ಆಗದಿದ್ದರೆ ಒಮ್ಮೆ ಗಟ್ಟಿಯಾಗಿ ಸೀನಿರಿ. ಅಷ್ಟೊಂದು ಮೂಗುಗಳ ಸಹವಾಸ ಮಾಡಿದವರಿಗೆ ಸೀನು ಬಾರದೆ ಇರುತ್ತದೆಯೇ?

ಅವಸರ ಮಾಡುತ್ತಿದ್ದೇನೆಂದು ಭಾವಿಸಬಾರದು. ಸಿಂಧನೂರಿನ ಆ ಪೋಸ್ಟರಿನಲ್ಲಿ ಇಸವಿಯ ಮೇಲೆ ‘ಮಾಸ್ಕ್ ಧರಿಸಿ’ ಎಂಬ ಚೀಟಿ ಅಂಟಿಸಿದ್ದಾರೆ. ಕಾಮಣಿ ಯಾವಾಗ ನಿರ್ಮೂಲನೆಯಾಗಬೇಕೆಂಬುದು ಯಾರಿಗೂ ಕಾಣುವುದಿಲ್ಲವಾದ್ದರಿಂದ ಯಾರಿಗೂ ಆತುರವಿಲ್ಲ. ಆತುರ ಇರುವುದು ವಿಜಯಶ್ರೀಗೆ, ಮತ್ತು ಒಮ್ಮೆ ಸರದಿಯಲ್ಲಿ ಕಾದು ಕೆಟ್ಟ ನನಗೆ.

ತಮ್ಮ ದೃಷ್ಟಿ ನಮ್ಮ ಮೇಲೆ ಬೀಳಲೆಂದು ಬೇಡುವ,

ತಮ್ಮ ವಿಶ್ವಾಸಿ,
ಯಮನಮ್ಮ
ಆಶಾ ಕಾರ್ಯಕರ್ತೆ, ಮುಕ್ಕುಂದ

ತಾ.ಕ.: ಈ ಪತ್ರವನ್ನು ಕೈಯಾರೆ ಕೊಡೋಣವೆಂದು, ವಿಜಯಶ್ರೀಯ ರಕ್ತದ ಮಾದರಿಯನ್ನೂ ಹಿಡಿದುಕೊಂಡು, ನಿನ್ನೆ ಮಸ್ಕಿಗೆ ಬಂದಿದ್ದೆ. ಸಂಗನಬಸವ ಚಹಾಕ್ಕೆ ಹೋಗಿದ್ದ. ಸೆರಗಿನ ತುದಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸಿದೆ. ಎರಡು ನಿಮಿಷ ಹಿಡಿಯಿತು. ಚಹಾ ಕುಡಿದು ಬಂದ ಸಂಗನಬಸವ ಮಾದರಿ ಇಟ್ಟ ಮೇಲೆ ತಾವು ಹಸಿರು ದೀಪ ಹಚ್ಚಿ, ವಿಜಯಶ್ರೀಯ ರಕ್ತ ಓದಿ, ಸಂಖ್ಯೆ ಹೆಚ್ಚಿದೆ ಎಂದಿರಿ. ಇವತ್ತಿನಿಂದ ಅವಳಿಗೆ ಮಾತ್ರೆ ಶುರುವಾಗಿದೆ. ಅನುಮತಿಯಿಲ್ಲದೆ ಕುಂಕುಮ ಅಳಿಸಿದ್ದಕ್ಕೆ ನನಗೆ ಕಾರಣ ಕೇಳಿ ಇವತ್ತೇ ನೋಟಿಸೂ ಬಂದಿದೆ. ಒಂದೇ ಸಾಲಿನ ಉತ್ತರ ಕಳಿಸಿದ್ದೇನೆ: ನನ್ನ ಹಣೆಯದನ್ನು ಅಳಿಸುವಾಗ ಯಾರೂ ಅನುಮತಿ ಕೇಳಿರಲಿಲ್ಲ.