ನರ್ಸರಿಗೆ ಸೇರಿದ ನಮ್ಮತ್ತೆ

ಈ ವರ್ಷ ನಮ್ಮ ಮನೆಯಿಂದ ಇಬ್ಬರು ನರ್ಸರಿಗೆ ಸೇರಿದರು. ಒಬ್ಬಳು ಮೂರು ತುಂಬಿದ ನನ್ನ ಮಗಳು. ಇನ್ನೊಬ್ಬರು, ಬಾಯಲ್ಲಿ ನಾಲ್ಕೇ ಹಲ್ಲು ಉಳಿದಿರುವ ನಮ್ಮತ್ತೆ! ಸಮವಸ್ತ್ರ ಒಂದೇ ಹೊಲಿಸಬೇಕಾಗಿ ಬಂದದ್ದು ಶಿವನ ದಯೆ.

ಆಳಂದದ ನಮ್ಮ ಓಣಿಯ ತುದಿಗೇ ಶಾಲೆ. ಗೋಡೆಯ ಮೇಲೆ ಆನೆಗಿಂತ ದೊಡ್ಡ ಮಾವಿನಹಣ್ಣು ಬರೆಸಿದ್ದಾರೆ. ಮೊಮ್ಮಗಳು ಒಬ್ಬಳೇ ಕೂತರೆ ಅಳುತ್ತಾಳೆಂದು ಅತ್ತೆ ದಿನಾ ವರಾಂಡದಲ್ಲಿ ಠಿಕಾಣಿ. ಸುಮ್ಮನೆ ಕೂತರೆ ಅವರು ನಮ್ಮತ್ತೆ ಹೇಗಾದಾರು? ಮಿಸ್ಸು ಆಕಳ ಚಿತ್ರ ತೋರಿಸಿದರೆ ಕಿಟಕಿಯಿಂದ ಹಾಜರ್!

"ಇದ್ಯಾವ ಆಕಳ ಬೇ? ನಮ್ಮೂರು ಸರಸಂಬಾದಾಗ ಇಂಥಾ ಕರಿ-ಬಿಳಿ ಪಟ್ಟಿಪಟ್ಟಿ ಆಕಳ ನಾ ಕಂಡೇ ಇಲ್ಲ!"

ಮಕ್ಕಳನ್ನು ಮಲಗಿಸುವ ಹೊತ್ತಿಗೆ ಮೊದಲ ಗೊರಕೆ ವರಾಂಡದಿಂದ ಬರುತ್ತಿತ್ತು. ಅದಕ್ಕೆ ಮಕ್ಕಳೆಲ್ಲ ಎದ್ದು ಕೂರುತ್ತಿದ್ದವು!

ಕೊನೆಗೆ ಮಿಸ್ಸು ನನ್ನನ್ನು ಬದಿಗೆ ಕರೆದಳು. "ನಿಮ್ಮ ಅತ್ತಿಯವರು ಇದ್ರ ಕೂಸು ನಮ್ಮ ಕಡೆ ನೋಡಂಗೇ ಇಲ್ರಿ. ನಾಳೆ ಒಬ್ಬಾಕೀನೇ ಕಳಸ್ರಿ. ಅತ್ತು ಊಟ ಬಿಟ್ಟಳಂದ್ರ ಮುಂದಿನ ವರ್ಷ ನೋಡೋಣು."

ಮರುದಿನ ಮಗಳನ್ನು ಒಳಗೆ ಬಿಟ್ಟು ಹೇಗೋ ಮನೆಗೆ ಬಂದೆ. ಅತ್ತೆ ಲಿಂಗಪೂಜೆಗೆ ಕೂತವರು ಓಣಿಯಲ್ಲಿ ಬೆಕ್ಕು ಕೂಗಿದರೂ ಒಂದು ಕಣ್ಣು ತೆರೆದು, "ನಮ್ಮ ಕೂಸೇನ ಅದು?" ಅನ್ನುತ್ತಿದ್ದರು. ರೊಟ್ಟಿ ಬಡಿಯುತ್ತ ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ: ದೊಡ್ಡ ವಿದ್ಯೆ ಆಮೇಲೆ ಕೊಡು ತಂದೆ, ಇವತ್ತು ಡಬ್ಬಿ ಖಾಲಿ ಮಾಡಿಸು, ಸಾಕು.

ಮಧ್ಯಾಹ್ನ ಫೋನು. "ಜರಾ ಲಗೂನ ಬರ್ರಿ!" ಅಷ್ಟೇ ಹೇಳಿ ಮಿಸ್ಸು ಇಟ್ಟುಬಿಟ್ಟಳು.

ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಓಡಿದೆ. ಮೊಣಕಾಲು ನೋವೆಂದು ದಿನಾ ಎಣ್ಣೆ ತಿಕ್ಕಿಸಿಕೊಳ್ಳುವ ಅತ್ತೆ ಬರಿಗಾಲಲ್ಲಿ ನನ್ನನ್ನೂ ಹಿಂದೆ ಹಾಕಿದರು! "ನಾ ಹೇಳಿದ್ದಿಲ್ಲೇನ? ಅತ್ತು ಅತ್ತು ಕೂಸು ಏನಾಗೈತೋ!"

ಒಳಗೆ ನೋಡಿದರೆ ಮಕ್ಕಳ ಅಂಗಿಯೆಲ್ಲ ತೊಯ್ದು ತೊಪ್ಪೆ. ನೆಲವೆಲ್ಲ ನೀರು. ನಮ್ಮಲ್ಲಿ ಅನ್ನ ಪ್ರಸಾದ, ಒಂದು ಅಗುಳೂ ಕೆಡಬಾರದು; ಉಂಡ ತಾಟು ತೊಳೆದು ಆ ನೀರನ್ನೂ ಕುಡಿಯುತ್ತೇವೆ. ಅದನ್ನು ಮೊಮ್ಮಗಳಿಗೆ ಕಲಿಸಿದವರು ಅತ್ತೆಯೇ. ಮಗಳು ಡಬ್ಬಿಗೆ ನೀರು ಹಾಕಿ, ಬೆರಳಾಡಿಸಿ, ಗಟಗಟ ಕುಡಿದಿದ್ದಾಳೆ. ಅದನ್ನು ನೋಡಿ ಇಡೀ ನರ್ಸರಿ!

"ಪ್ರಸಾದ ನನಗೂ ಗೊತ್ತೈತ್ರಿ," ಅಂದಳು ಮಿಸ್ಸು, ಒಬ್ಬ ಹುಡುಗನ ಬೆನ್ನು ತಟ್ಟುತ್ತ. "ಆದ್ರ ಇಂವಾ ಉಪ್ಪಿನಕಾಯಿ ಡಬ್ಬಿ ತೊಳದು ಕುಡದಾನ್ರಿ!"

ನನಗೆ ಬೇಕಾದದ್ದು ಒಂದೇ. "ಅತ್ತಳೇನ್ರಿ?"

"ಇಲ್ರಿ. ಎಲ್ಲಾ ಉಂಡಾಳ. ಅಳೋರಿಗೆಲ್ಲ ಆಕೀನೇ ಬೈಯಾಕತ್ತಾಳ."

ಮಿಸ್ಸು ಬೇಡವೆಂದಿದ್ದಕ್ಕೆ ಗೇಟಿನ ಹೊರಗೇ ನಿಂತ ಅತ್ತೆ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಮಗಳು ಓಡಿಬಂದು ಸರಳಿನ ಸಂದಿಯಿಂದ ಅವರನ್ನೇ ದಿಟ್ಟಿಸಿದಳು.

"ಆಯಿ, ನೀ ನಾಳೆ ಬರಬ್ಯಾಡ. ಇಲ್ಲಿ ಅಳಬಾರ್ದು."

"ಇಲ್ಲವ್ವಾ," ಅಂದರು ಅತ್ತೆ. "ಬರಂಗಿಲ್ಲ."

ಮಗಳು ತಿರುಗಿ ನೋಡದೆ ಒಳಗೆ ಓಡಿದಳು. ನಾನು ಹೊರಗೆ ಬಂದೊಡನೆ ಅತ್ತೆ ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು. ಸೊಸೆಯಾಗಿ ಬಂದಾಗ ಹೊಸ್ತಿಲು ದಾಟಿಸಲು ಹಿಡಿದದ್ದು ಬಿಟ್ಟರೆ ಅವರು ನನ್ನ ಕೈ ಹಿಡಿದದ್ದು ಅವತ್ತೇ. ಮನೆ ಬರುವ ತನಕ ಬಿಡಲಿಲ್ಲ.